ಕೊಯ್ಲಿಗೆ ಮುಂಚಿನ ವಾರ

ಆಗಸ್ಟ್ 5, 2024. ಸೋಮವಾರ. ತೇನಿ.

ನಿನ್ನೆ ಮಧ್ಯಾಹ್ನ ಮಾವನವರನ್ನು ಸುರುಳಿಪಟ್ಟಿಯಿಂದ ನಮ್ಮ ಮನೆಗೆ ಕರೆತರಲಾಯಿತು. ಹೆಸರು ಅಯ್ಯಾವು, ವಯಸ್ಸು ಎಪ್ಪತ್ತೊಂಬತ್ತು. ಹೋದ ವಾರ ದ್ರಾಕ್ಷಿ ತೋಟದ ಮೋಟಾರ್ ರೂಮಿನ ಹತ್ತಿರ ತಲೆ ತಿರುಗಿ ಬಿದ್ದಿದ್ದರು. ಮೂಳೆ ಮುರಿದಿಲ್ಲ. ಅಲ್ಲಿ ಭಾವಮೈದುನ ಶಿವಬಾಲನ್‌ಗೆ ತೋಟದ ಕೆಲಸವೇ ಮುಗಿಯುವುದಿಲ್ಲ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ಇರುವುದು ತೇನಿಯಲ್ಲಿ. ಆದ್ದರಿಂದ ಇಲ್ಲಿರಲಿ ಎಂದು ನನ್ನ ಹೆಂಡತಿ ಮಣಿಮೇಗಲೈ ತೀರ್ಮಾನಿಸಿದಳು. ಅವಳು ಆಂಡಿಪಟ್ಟಿಯ ಸರ್ಕಾರಿ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಗೆ ಬರುತ್ತಾಳೆ. ನಾನು ನಿವೃತ್ತ. ಹಾಗಾಗಿ ಮಾತ್ರೆ ಕೊಡುವ ಕೆಲಸ ನನ್ನದು. ಅದನ್ನೂ ಅವಳೇ ತೀರ್ಮಾನಿಸಿದಳು.

ಮುಂದಿನ ರಕ್ತಪರೀಕ್ಷೆ ಸೆಪ್ಟೆಂಬರ್ ಆರಕ್ಕೆ. ಆಗಲೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಶುರು ಮಾಡಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಶುರುವಾದರೆ ಅಪ್ಪ ಇನ್ನು ತೋಟದ ಮನೆಗೆ ಹೋಗುವುದು ಬೇಡ, ಇಲ್ಲೇ ಇರಲಿ ಎನ್ನುವುದು ಮಣಿಮೇಗಲೈಯ ಮಾತು. ಕೊಯ್ಲು ಮುಗಿದ ಮೇಲೆ ಕವಾತು ಇದೆ, ಬಳ್ಳಿಗೆ ಕತ್ತರಿ ಹಾಕುವಾಗ ನಾನು ಪಂದಲಿನ, ಅಂದರೆ ಬಳ್ಳಿ ಹಬ್ಬಿಸಿದ ಚಪ್ಪರದ, ಕೆಳಗೆ ನಿಲ್ಲಲೇಬೇಕು ಎನ್ನುವುದು ಮಾವನವರ ಮಾತು. ಇದು ಅವರ ಮನೆಯ ವಿಷಯ.

ಮಾವನವರು ನನ್ನ ತಾಯಿಯ ತಮ್ಮನೂ ಹೌದು. ಅವರ ಬಾಯಲ್ಲಿ ನಾನು ಮಾಪ್ಳೆ, ಅಂದರೆ ಅಳಿಯ; ನನ್ನ ಬಾಯಲ್ಲಿ ಅವರು ಮಾಮಾ. ಆದರೂ ನಮ್ಮಿಬ್ಬರ ನಡುವೆ ಹೆಚ್ಚು ಮಾತಿಲ್ಲ.

ತಮಿಳುನಾಡಿನ ಈ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಅದರ ಅಕ್ಷರ ಬರುವುದು ನನಗೊಬ್ಬನಿಗೆ; ಉಳಿದವರು ಓದಿದ್ದು ತಮಿಳಿನಲ್ಲಿ. ಸರ್ವೆ ಇಲಾಖೆಗೆ ಸೇರುವ ಮುಂಚೆ ಮೈಸೂರಿನಲ್ಲಿ ನಕ್ಷೆ ಬರೆಯುವುದನ್ನು ಕಲಿತೆ, ಅಕ್ಷರವನ್ನೂ ಅಲ್ಲೇ ಕಲಿತೆ. ಬರೆದದ್ದನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಹೋಗಬಹುದು. ಅನುಕೂಲ.

ಆಗಸ್ಟ್ 6, ಮಂಗಳವಾರ

ಮಾತ್ರೆಗಳೆಲ್ಲ ಒಂದು ಹಳದಿ ಬಟ್ಟೆ ಚೀಲದಲ್ಲಿ ಬಂದಿವೆ. ಊಟದ ಮೇಜಿನ ಮೇಲೆ ಸುರಿದು ವಿಂಗಡಿಸಿದೆ. ಸಕ್ಕರೆಗೆ ಮತ್ತು ಪ್ರೆಷರ್‌ಗೆ ತೇನಿಯ ಡಾಕ್ಟರು, ಎದೆಗೆ ಮದುರೈಯವರು, ಮಂಡಿಗೆ ಕಂಬಂನವರು. ಒಬ್ಬರು ಬರೆದುಕೊಟ್ಟದ್ದನ್ನು ಇನ್ನೊಬ್ಬರು ನೋಡಿದಂತೆ ಕಾಣುವುದಿಲ್ಲ. ಒಟ್ಟು ಹನ್ನೊಂದು ಬಗೆ. ಅವುಗಳಲ್ಲಿ ಎರಡಕ್ಕೆ ಹೆಸರು ಬೇರೆ, ಒಳಗಿರುವ ಔಷಧಿ ಒಂದೇ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಭೂತಗನ್ನಡಿ ಹಿಡಿದು ಓದಿದೆ. ಬೀದಿ ತುದಿಯ ಮೆಡಿಕಲ್ ಶಾಪಿನ ವೇಲುವಿಗೆ ತೋರಿಸಿದೆ, ಅವನೂ ಹೌದೆಂದ. ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ ಒಂದನ್ನು ನಿಲ್ಲಿಸಿದೆ. ಹತ್ತು ಉಳಿದವು.

ವೇಲುವಿನ ಅಂಗಡಿಯಲ್ಲೇ ಒಂದು ಪೆಟ್ಟಿಗೆ ಸಿಕ್ಕಿತು. ವಾರದ ದಿನಗಳು ಅಡ್ಡಕ್ಕೆ, ಬೆಳಿಗ್ಗೆ ಮಧ್ಯಾಹ್ನ ರಾತ್ರಿ ಉದ್ದಕ್ಕೆ. ತುಂಬುತ್ತ ಕೂತಿದ್ದಾಗ ಮಾವನವರು ಬಂದು ನಿಂತರು.

“ಏನ್ ಮಾಪ್ಳೆ, ಅಂಜರೈಪ್ಪೆಟ್ಟಿ ತಂದಿದ್ದೀಯ? ಸಾಸ್ವೆ ಯಾವ ಗೂಡು, ಮೆಂತ್ಯ ಯಾವ ಗೂಡು?”

“ಒಂದೊಂದು ಹೊತ್ತಿಗೂ ಒಂದೊಂದು ಗೂಡು ಮಾಮಾ. ಇನ್ನು ತಪ್ಪೋದೇ ಇಲ್ಲ.”

“ತಪ್ಪಿದ್ರೆ?”

“ತಪ್ಪೋದಿಲ್ಲ.”

“ಸರ್ವೆಕಾರ ಅಲ್ವಾ. ಕಲ್ಲು ನೆಟ್ಟಾಯ್ತು. ಇನ್ನು ಯಾರೂ ದಾಟಂಗಿಲ್ಲ.”

ಆಗಸ್ಟ್ 9, ಶುಕ್ರವಾರ

ಎಲ್ಲವೂ ಬರೆದುಕೊಟ್ಟಂತೆ ನಡೆಯುತ್ತಿದೆ. ಊಟಕ್ಕೆ ಮುಂಚಿನವು ಊಟಕ್ಕೆ ಮುಂಚೆ, ಆಮೇಲಿನವು ಆಮೇಲೆ. ನುಂಗುವ ತನಕ ಎದುರಿಗೇ ನಿಲ್ಲುತ್ತೇನೆ. ಮಾವನವರು ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಾರೆ. ನಾನು ತೋರಿಸಿ ಎಂದು ಕೇಳಿಲ್ಲ.

ನಾನು ಓದುತ್ತಿರುವ ಹಂಗೇರಿಯ ಕಾದಂಬರಿಯೊಂದರ ತಮಿಳು ಅನುವಾದದಲ್ಲಿ ನೂರು ಪುಟ ಆಯಿತು. ಅನುವಾದ ಶುದ್ಧವಾಗಿದೆ. ಒಂದೇ ಹಳ್ಳಿಯ ಹೆಸರನ್ನು ಎರಡು ಬಗೆಯಲ್ಲಿ ಬರೆದಿದ್ದಾರೆ. ಪೆನ್ಸಿಲಿನಿಂದ ಗುರುತು ಹಾಕಿದೆ.

ಆಗಸ್ಟ್ 14, ಬುಧವಾರ

ಮಧ್ಯಾಹ್ನದ ಮಾತ್ರೆ ಆದ ಮೇಲೆ ಮಾವನವರು, ಆ ಬುಕ್ಕಲ್ಲಿ ಏನೈತೆ ಎಂದು ಕೇಳಿದರು. ರೈಲ್ವೆ ಗೇಟಿನ ಕಾವಲುಗಾರನ ಕಥೆ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಹೇಳುತ್ತ ಹೋದೆ. ಕಾವಲುಗಾರ ಬೇರೆ ಊರಿಗೆ ವರ್ಗವಾಗಲೆಂದು ಕಾಯುತ್ತಿದ್ದಾನೆ, ಹೆಂಡತಿ ಪ್ರತಿ ವರ್ಷ ಸಾಮಾನು ಕಟ್ಟುತ್ತಾಳೆ, ಪ್ರತಿ ವರ್ಷ ಬಿಚ್ಚುತ್ತಾಳೆ.

“ಗೇಟ್ ಪಕ್ದಲ್ಲಿ ಭೂಮಿ ಇಲ್ವಾ ಅವನಿಗೆ?”

“ಸ್ವಲ್ಪ ಇದೆ ಮಾಮಾ.”

“ಏನ್ ಆಕವ್ನೆ?”

ನನಗೆ ನೆನಪಿರಲಿಲ್ಲ. ಪುಟ ತಿರುವಿ ನೋಡಿದೆ. ಏನೂ ಹಾಕಿಲ್ಲ.

“ಅದುಕ್ಕೇ ಇಂಗಾಗವ್ನೆ, ಪಾವಂ” ಎಂದರು.

ಮನೆಮಾತಿನಲ್ಲಿ ಒಂದು ಕಾದಂಬರಿಯನ್ನು ಹೇಳಿದ್ದು ಇದೇ ಮೊದಲು. ಕೆಲವು ಕಡೆ ಮಾತು ಸಿಗಲಿಲ್ಲ, ತಮಿಳಿನಲ್ಲಿ ಹೇಳಿ ಮುಂದುವರಿದೆ. ಅವರಿಗೆ ತೊಂದರೆಯಾದಂತೆ ಕಾಣಲಿಲ್ಲ.

ಆಗಸ್ಟ್ 19, ಸೋಮವಾರ

ಮಾವನವರಿಗೆ ಮೂರು ದಿನದಿಂದ ನಿಶ್ಶಕ್ತಿ. ಎದ್ದು ನಿಂತರೆ ಗೋಡೆ ಹಿಡಿಯುತ್ತಾರೆ. ಬೆಳಗಿನ ನಡಿಗೆ ನಿಲ್ಲಿಸಿದ್ದಾರೆ. ಊರಲ್ಲಿ ಇದ್ದಷ್ಟು ಗಾಳಿ ಇಲ್ಲಿಲ್ಲ, ಅದಕ್ಕೇ ಎಂದು ಮಣಿಮೇಗಲೈ ಹೇಳಿದಳು. ಇರಬಹುದು. ಒಂದು ಮಾತ್ರೆಯೂ ತಪ್ಪಿಲ್ಲ.

ಭಾನುವಾರ ಕೇರಳದ ವ್ಯಾಪಾರಿ ಹಣ್ಣು ನೋಡಲು ಬರುತ್ತಾನೆಂದು ಶಿವಬಾಲನ್ ಫೋನ್ ಮಾಡಿದ. ಅಪ್ಪನಿಗೆ ಹೇಳಬೇಡಿ ಅಂದ. ಅಷ್ಟರಲ್ಲಿ ಅಪ್ಪ ಫೋನ್ ಕಿತ್ತುಕೊಂಡಿದ್ದರು.

ಆಗಸ್ಟ್ 22, ಗುರುವಾರ

ಇವತ್ತಿನದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ತಿಂಡಿ ಎಂದಿನಂತೆ. ಮಾತ್ರೆ ಎಂದಿನಂತೆ. ನಾನು ಹಿಂದಿನ ಕೋಣೆಯಲ್ಲಿ ಓದುತ್ತಿದ್ದೆ. ಹನ್ನೊಂದರ ಸುಮಾರಿಗೆ ಬಂದು ನೋಡಿದಾಗ ಮಾವನವರು ಕುರ್ಚಿಯಲ್ಲಿ ಒಂದು ಬದಿಗೆ ವಾಲಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೈ ನಡುಗುತ್ತಿತ್ತು. ಕಣ್ಣು ತೆರೆದಿತ್ತು. ನನ್ನನ್ನು ನೋಡಿ, “ಅಕ್ಕಾ, ನೀರು ಬುಟ್ಟಾಯ್ತಾ ಕಾಲ್ವೇಲಿ?” ಎಂದರು. ಅವರ ಅಕ್ಕ ಅಂದರೆ ನನ್ನ ತಾಯಿ. ತೀರಿಕೊಂಡು ಬಹಳ ವರ್ಷವಾಯಿತು.

ಬೀದಿಗೆ ಓಡಿ ವೇಲುವನ್ನು ಕೂಗಿದೆ. ಅವನು ಬೆರಳಿಗೆ ಚುಚ್ಚಿ ನೋಡುವ ಮಶೀನು ತಂದ. ಸಕ್ಕರೆ ತೀರಾ ಕೆಳಕ್ಕೆ ಇಳಿದಿತ್ತು. ಸಕ್ಕರೆ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದೆವು. ಕಾಲು ಗಂಟೆಯ ನಂತರ ಅವರಿಗೆ ನನ್ನ ಗುರುತು ಸಿಕ್ಕಿತು. “ಏನ್ ಮಾಪ್ಳೆ, ವೇಷ್ಟಿ ಕೂಡ ಕಟ್ಟದೆ ಬೀದಿಗೆ ಓಗಿದ್ಯಂತೆ” ಎಂದರು. ನಾನು ಒಳಚಡ್ಡಿಯ ಮೇಲೆ ಟವಲ್ಲು ಸುತ್ತಿಕೊಂಡಿದ್ದೆ. ಆಗ ತಿಳಿದಿರಲಿಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರು ಊರಲ್ಲಿಲ್ಲ, ಬರುವುದು ಸೆಪ್ಟೆಂಬರ್ ಆರಕ್ಕೇ. ಅಲ್ಲಿನ ನರ್ಸು ಅವರನ್ನೇ ಫೋನಿನಲ್ಲಿ ಕೇಳಿ ಹೇಳಿದರು: ರಾತ್ರಿಯ ಸಕ್ಕರೆ ಮಾತ್ರೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಊಟ ಕೊಡಿ, ಮತ್ತೆ ಹೀಗಾದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ.

ಎಲ್ಲವನ್ನೂ ಇನ್ನೊಮ್ಮೆ ಪರಿಶೀಲಿಸಿದೆ. ಪೆಟ್ಟಿಗೆಯಲ್ಲಿ ತಪ್ಪಿಲ್ಲ. ಚೀಟಿಯಲ್ಲಿ ಏನಿದೆಯೋ ಅದನ್ನೇ ಕೊಟ್ಟಿದ್ದೇನೆ. ಸಂಜೆ ಮಣಿಮೇಗಲೈಗೆ, ಸ್ವಲ್ಪ ತಲೆ ತಿರುಗಿತ್ತು ಎಂದಷ್ಟೇ ಹೇಳಿದೆ.

ಆಗಸ್ಟ್ 23, ಶುಕ್ರವಾರ

ಮಾಮ ಇಡೀ ದಿನ ಮಲಗಿದ್ದರು. ಅದೇ ಕೋಣೆಯಲ್ಲಿ ಕೂತಿದ್ದೆ. ಓದಲಿಲ್ಲ.

ಆಗಸ್ಟ್ 25, ಭಾನುವಾರ

ಬೇಡವೆಂದರೂ ಮಾಮ ಕೇಳಲಿಲ್ಲ. ಕಾರು ಮಾಡಿಕೊಂಡು ಸುರುಳಿಪಟ್ಟಿಗೆ ಹೋದೆವು. ಮಣಿಮೇಗಲೈಗೆ ಶಾಲೆಯ ಯಾವುದೋ ಮೀಟಿಂಗು. ಕಿಸೆಯಲ್ಲಿ ಗ್ಲೂಕೋಸ್ ಪೊಟ್ಟಣ ಇಟ್ಟುಕೊಂಡಿದ್ದೆ.

ಪಂದಲಿನ ಕೆಳಗೆ ಮಾಮ ಬೇರೆ ಮನುಷ್ಯ. ತೇನಿಯಲ್ಲಿ ಗೋಡೆ ಹಿಡಿಯುವವರು ಇಲ್ಲಿ ಕಲ್ಲುಕಂಬದಿಂದ ಕಲ್ಲುಕಂಬಕ್ಕೆ ನಡೆದರು. ಗೊಂಚಲುಗಳು ಕಪ್ಪಾಗಿ ತಲೆಗೆ ತಾಗುವಷ್ಟು ಇಳಿದಿದ್ದವು. ಶಿವಬಾಲನ್ ಸ್ಪ್ರೇ ಮಾಡುವ ಕ್ಯಾನನ್ನು ಕಾಲುವೆಯ ಪಕ್ಕದಲ್ಲಿ ಇಟ್ಟಿದ್ದ. ಮಾಮ ಅದನ್ನು ನೋಡಿದರು.

“ಇದೇನ್ಲಾ ಇಲ್ಲಿ?”

“ಮೋಡ ಐತೆ ಅಪ್ಪಾ. ಬೂದಿ ರೋಗ ಬಂದ್ರೆ ಎಲ್ಲಾ ಓಯ್ತದೆ. ಒಂದೇ ಒಂದು ಸಲ ಸ್ಪ್ರೇ ಒಡೆದು ಬುಡ್ತೀನಿ. ಯಾರ್ ನೋಡ್ತಾರೆ?”

“ಕೊಯ್ಲಿಗೆ ಎಂಟು ದಿನ ಐತೆ. ಎಂಟು ದಿನ ಮುಂಚೆ ಕ್ಯಾನು ಮನೆ ಒಳಗೆ. ನಿಮ್ಮಜ್ಜನ ಕಾಲ್ದಿಂದ ಅಂಗೆ. ವಿಯಾಬಾರಿ ಬರೋದು ಅಣ್ಣು ನೋಡೋಕೆ. ನೀ ಒಡೆದದ್ದ ನೋಡೋಕಲ್ಲ.”

“ಪಕ್ಕದ ತೋಟದೋರು ನಿನ್ನೆ ಕೂಡ ಒಡೆದವ್ರೆ.”

“ಅದುಕ್ಕೇ ಅವನ ತೋಟಕ್ಕೆ ಆಮೇಲೆ ಓಗ್ತಾನೆ, ನನ್ನ ತೋಟಕ್ಕೆ ಮೊದ್ಲು ಬತ್ತಾನೆ.”

ವ್ಯಾಪಾರಿ ಬಂದ. ಗೊಂಚಲಿನ ನಡುವಿನಿಂದ ಒಂದು ಹಣ್ಣು ಕಿತ್ತು ಬಿಳಿ ಕರವಸ್ತ್ರಕ್ಕೆ ಉಜ್ಜಿದ. ಬಟ್ಟೆಗೆ ಏನೂ ಅಂಟಲಿಲ್ಲ. ತೊಳೆಯದೆ ಬಾಯಿಗೆ ಹಾಕಿಕೊಂಡ. ಮಾಮ ಅವನ ಬಾಯನ್ನೇ ನೋಡುತ್ತಿದ್ದರು. ದರದ ಮಾತು ಶಿವಬಾಲನ್‌ಗೆ ಬಿಟ್ಟು ನನ್ನ ಹತ್ತಿರ ಬಂದು, ಇನ್ನು ಓಗನ ಮಾಪ್ಳೆ, ಕಾಲು ನೋಯ್ತದೆ ಎಂದರು.

ಆಗಸ್ಟ್ 29, ಗುರುವಾರ

ಬೆಳಿಗ್ಗೆ ಪೆಟ್ಟಿಗೆ ತಂದೆ. ಮಾಮ ಮುಚ್ಚಳ ಮುಚ್ಚಿ ಮೇಜಿನ ಆ ಕಡೆಗೆ ತಳ್ಳಿದರು. ಜಗಳಕ್ಕಲ್ಲ. ಊಟ ಸಾಕು ಎನ್ನುವಾಗ ತಟ್ಟೆ ಸರಿಸುವ ಹಾಗೆ.

“ಸಾಕು ಮಾಪ್ಳೆ. ಇವತ್ತಿಂದ ಮಾತ್ರೆ ಇಲ್ಲ.”

“ಯಾಕೆ ಮಾಮಾ?”

“ಆರನೇ ತೇದಿ ರಕ್ತ ಕೊಡ್ಬೇಕಲ್ಲ.”

“ಅದಕ್ಕೇ ತಗೋಬೇಕು.”

“ನೀ ಓದಿದೋನು, ಇಂಗ್ ಕೇಳ್ತೀಯಲ್ಲ. ರಕ್ತ ಕೊಡೋಕೆ ಎಂಟು ದಿನ ಮುಂಚೆ ಎಲ್ಲಾ ನಿಲ್ಲಿಸ್ಬೇಕು. ಯಾವಾಗ್ಲೂ ಅಂಗೇ ತಾನೆ ಮಾಡೋದು.”

ನಾನು ಕೂತೆ. ಯಾವಾಗಲೂ ಅಂದರೆ ಯಾವಾಗಿನಿಂದ ಎಂದು ಕೇಳಿದೆ. ಸಕ್ಕರೆ ಬಂದಾಗಿನಿಂದ ಎಂದರು. ಡಾಕ್ಟರು ಹೇಳಿದರಾ ಎಂದು ಕೇಳಿದೆ. ಇದನ್ನೆಲ್ಲ ಡಾಕ್ಟರು ಯಾಕೆ ಹೇಳಬೇಕು, ಮನುಷ್ಯನಿಗೆ ಗೊತ್ತಿರಬೇಕು ಎಂದರು.

“ಮಾತ್ರೆ ತಿಂದು ಓಗಿ ರಕ್ತ ಕೊಟ್ರೆ ಸಕ್ಕರೆ ಕಮ್ಮಿ ತೋರ್ಸ್ತದೆ. ಅದು ಮಾತ್ರೆದು, ನಂದಲ್ಲ. ಡಾಕ್ಟರ್ ಚೆನ್ನಾಗೈತೆ ಅಂತಾನೆ. ಸ್ಪ್ರೇ ಒಡೆದ ಅಣ್ಣು ತೋರ್ಸಿ ದರ ಕೇಳ್ದಂಗೆ. ಮೋಸ ಅಲ್ವಾ?”

“ಆಗ ಸಕ್ಕರೆ ಜಾಸ್ತಿ ಬರ್ತಿತ್ತು?”

“ಬತ್ತಿತ್ತು. ಇನ್ನೊಂದು ಮಾತ್ರೆ ಬರೀತಿದ್ದ. ಪ್ರೆಷರೂ ಜಾಸ್ತಿ ಅಂತಿದ್ದ, ಅದುಕ್ಕೂ ಇನ್ನೊಂದು.”

“ಆಮೇಲೆ ಎಲ್ಲಾನೂ ತಗೋತಿದ್ರಾ?”

“ಕೊಂಚ ದಿನ. ತಲೆ ತಿರುಗ್ತದೆ ಮಾಪ್ಳೆ. ಅರ್ಧ ಬುಟ್ಬುಡ್ತಿದ್ದೆ. ಈ ಸಲ ಬುಡೋಕೆ ಮುಂಚೆನೇ ಮೋಟಾರ್ ರೂಮ್ ಹತ್ರ ಬಿದ್ದೋದೆ. ಆಮೇಲೆ ಇಲ್ಲಿಗೆ ಬಂದೆ. ನಿನ್ನ ಕೈಲಿ ಬುಡೋಕಾಯ್ತಾ?” ಎಂದು ನಕ್ಕರು.

ನನಗೆ ನಗು ಬರಲಿಲ್ಲ.

ಅದೇ ದಿನ, ಮಧ್ಯಾಹ್ನ

ಹತ್ತು ಬಗೆಯನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಮೇಜಿನ ಮೇಲೆ ಹರಡಿದೆ. ಅಷ್ಟನ್ನೂ ಯಾವ ಮನುಷ್ಯನಿಗಾಗಿ ಬರೆದಿದ್ದಾರೋ ಅವನು ಎಂಟು ದಿನ ಒಂದು ಮಾತ್ರೆಯನ್ನೂ ತಿನ್ನದೆ ಡಾಕ್ಟರ ಎದುರು ಕೂತವನು. ಮನೆಯಲ್ಲಿರುವ ಮನುಷ್ಯ ಅವನಲ್ಲ. ಬರೆದದ್ದೆಲ್ಲವನ್ನೂ ಒಂದು ದಿನವೂ ಬಿಡದೆ ಇವರಿಗೆ ತಿನ್ನಿಸಿದವನು ನಾನೊಬ್ಬನೇ.

ಕ್ಲಿನಿಕ್ಕಿಗೆ ಫೋನ್ ಮಾಡಿ, ಮುಂಚೆ ನೋಡಲಾಗುತ್ತದೆಯೇ ಎಂದು ಕೇಳಿದೆ. ಡಾಕ್ಟರು ಆರಕ್ಕೇ. ಮೊದಲ ಟೋಕನ್ ಕೊಡುವುದಾಗಿ ಹೇಳಿದರು.

ಆಗಸ್ಟ್ 31, ಶನಿವಾರ

ವೇಲು ಬೆಳಿಗ್ಗೆ ಸಂಜೆ ಬಂದು ಸಕ್ಕರೆ, ಪ್ರೆಷರ್ ನೋಡಿ ಹೋಗುತ್ತಿದ್ದಾನೆ. ಸಕ್ಕರೆ ಏರುತ್ತಿದೆ. ಪ್ರೆಷರ್ ಇನ್ನೂ ಜಾಸ್ತಿ ಏರಿದೆ. ಅವನು ಮಾಮನಿಗೆ ಕಾಣದಂತೆ ನನ್ನ ಮುಖ ನೋಡಿದ.

ಮಾಮನ ಜತೆ ಚೌಕಾಸಿ ಮಾಡಿದೆ. ಎದೆಯ ಮಾತ್ರೆಗಳನ್ನು ತಗೊಳ್ಳಲು ಒಪ್ಪಿದರು, ಏಕೆಂದರೆ ಆರನೇ ತಾರೀಖು ಎದೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಪ್ರೆಷರಿನದಕ್ಕೆ ಒಪ್ಪಲಿಲ್ಲ.

“ತೋಳಿಗೆ ಪಟ್ಟಿ ಕಟ್ಟಿ ಉಬ್ಬಿಸ್ತಾನಲ್ಲ. ಅದೂ ಪರೀಕ್ಷೆ ತಾನೆ?”

“ಅವರು ಅಳೆಯೋದು ನಿಮ್ಮನ್ನಲ್ಲ ಮಾಮಾ, ಮಾತ್ರೆನ.”

“ಮಾತ್ರೆನ ಅಳೆಯೋಕೆ ನನ್ನ ರಕ್ತ ಯಾಕೆ ತಗೋತಾನೆ? ಡಬ್ಬೀಲೇ ಅಳೀಲಿ.”

ಎದೆಯ ಮಾತ್ರೆಗಳನ್ನಷ್ಟೇ ಕೊಟ್ಟೆ.

ಸೆಪ್ಟೆಂಬರ್ 1, ಭಾನುವಾರ

ಮಣಿಮೇಗಲೈ ಫ್ರಿಜ್ಜಿನ ಬಾಗಿಲಿನ ಮೇಲಿನ ಗೂಡನ್ನು ಖಾಲಿ ಮಾಡಿ ಒರೆಸಿದಳು. ಇನ್ಸುಲಿನ್ ಇಡುವುದಕ್ಕೆ. ಚುಚ್ಚುವುದನ್ನು ಅವಳ ಶಾಲೆಯ ಟೀಚರೊಬ್ಬರಿಂದ ಕೇಳಿ ತಿಳಿದುಕೊಂಡು ಬಂದಿದ್ದಾಳೆ. ಬೆಳಿಗ್ಗೆ ಅವಳು, ರಾತ್ರಿಯೂ ಅವಳೇ. ನನಗೆ ಸೂಜಿ ಕಂಡರೆ ಆಗುವುದಿಲ್ಲವೆಂದು ಗೊತ್ತು.

“ಆರಕ್ಕೆ ನಾನು ರಜೆ ಹಾಕಿದ್ದೀನಿ. ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ. ಇಷ್ಟು ವರ್ಷ ಒಂದು ಮಾತ್ರೆ ತಪ್ಪಿಸಿಲ್ಲ ಅಪ್ಪ. ಆದ್ರೂ ಇಳೀತಿಲ್ಲ ಅಂದ್ರೆ ಚುಚ್ಚಲೇಬೇಕಲ್ಲ, ಇನ್ನೇನು ದಾರಿ? ನೀವು ಎಂದಿನ ಹಾಗೆ ಹೊರಗೆ ಕೂತು ಓದ್ತಾ ಇರಿ.”

ಅವಳು ಪ್ರತಿ ಸಲ ಒಳಗೆ ಹೋಗುತ್ತಾಳೆ. ಪ್ರತಿ ಸಲ ಡಾಕ್ಟರಿಗೆ ಈ ಮಾತನ್ನೇ ಹೇಳುತ್ತಾಳೆ. ಬಾಗಿಲು ಅರ್ಧ ತೆರೆದಿರುತ್ತದೆ, ನನಗೆ ಕೇಳಿಸಿದೆ.

ಮಾಮ ಹಜಾರದಲ್ಲಿ ಕೂತಿದ್ದರು. ಅವರಿಗೂ ಕೇಳಿಸಿತು. ತಲೆ ಎತ್ತಲಿಲ್ಲ. ಮಾತ್ರೆ ನಿಲ್ಲಿಸಿದ್ದು ಅವಳಿಗೆ ಇನ್ನೂ ಗೊತ್ತಿಲ್ಲ.

ಸೆಪ್ಟೆಂಬರ್ 3, ಮಂಗಳವಾರ

ಬೆಳಿಗ್ಗೆ ಮಾಮನಿಗೆ ತಲೆನೋವು. ಪ್ರೆಷರ್ ಅಳೆದು ವೇಲು, ಇನ್ನು ಬಿಡಬೇಡಿ ಸಾರ್ ಎಂದು ಹೇಳಿಹೋದ. ನಾನು ಕುರ್ಚಿಯನ್ನು ಮಾಮನ ಎದುರಿಗೆ ಎಳೆದುಕೊಂಡು ಕೂತೆ.

“ಮಾಮಾ, ತೋಟದಲ್ಲಿ ಬೂದಿ ಬರ್ತದೆ. ಸ್ಪ್ರೇ ಹೊಡೀತೀರಿ. ಕೆಲ್ಸ ಮಾಡ್ತೋ ಇಲ್ಲವೋ ಹೆಂಗೆ ಗೊತ್ತಾಗ್ತದೆ?”

“ನಾಕು ದಿನ ಬುಟ್ಟು ಎಲೆ ತಿರುಗಿಸಿ ನೋಡ್ತೀನಿ. ಅಡೀಲಿ ಬಿಳೀದು ಓಗಿದ್ರೆ ಸರಿ. ಓಗದಿದ್ರೆ ಬೇರೆ.”

“ಎಲೆ ತೊಳೆದು ನೋಡ್ತೀರಾ?”

“ತೊಳೆದ್ರೆ ಏನ್ ಗೊತ್ತಾಗ್ತದೆ? ಒಡೆದದ್ದು ಕೆಲ್ಸ ಮಾಡ್ತಾ ಅಂತ ತಾನೆ ನೋಡೋದು.”

“ಡಾಕ್ಟರು ನೋಡ್ತಿರೋದು ಎಲೆ ಮಾಮಾ. ಅವರು ಹಣ್ಣು ಕೊಳ್ಳೋಕೆ ಬಂದಿಲ್ಲ.”

ಮಾಮ ಎದ್ದು ಬಚ್ಚಲಿಗೆ ಹೋದರು. ತುಂಬ ಹೊತ್ತು ನಲ್ಲಿಯ ಸದ್ದು ಕೇಳಿಸಿತು. ಬಂದು ಅದೇ ಕುರ್ಚಿಯಲ್ಲಿ ಕೂತರು.

“ಅಂಗಾದ್ರೆ ಇಷ್ಟು ವರ್ಷ ನಾ ಅವನಿಗೆ ತೊಳೆದ ಎಲೆ ತೋರ್ಸಿದ್ದೀನಿ.”

“ನಿಮಗೆ ಯಾರೂ ಹೇಳಿರಲಿಲ್ಲ.”

“ನಾ ಯಾರನ್ನ ಕೇಳ್ದೆ?” ಆಮೇಲೆ, “ನೀನೂ ಮೂರು ವಾರ ಬೂದಿ ಇಲ್ಲದ ಬಳ್ಳಿಗೆ ಕ್ಯಾನು ಕ್ಯಾನು ಒಡೆದಿದ್ದೀಯ ಮಾಪ್ಳೆ” ಎಂದರು.

“ಹೌದು ಮಾಮಾ.”

“ಸುಟ್ಟೋಗ್ಲಿಲ್ಲ, ಬುಡು.”

ಪೆಟ್ಟಿಗೆ ತಾ ಎಂದರು. ಯಾವುದನ್ನು ಕೊಡುವುದೆಂದು ಈಗ ನನಗೇ ತಿಳಿಯದು. ಕ್ಲಿನಿಕ್ಕಿಗೆ ಫೋನ್ ಮಾಡಿ, ನಡೆದದ್ದನ್ನು ಪೂರ್ತಿ ಹೇಳದೆ, ನಾಲ್ಕೈದು ದಿನ ಬಿಟ್ಟುಹೋಗಿದೆ ಎಂದಷ್ಟೇ ಹೇಳಿದೆ. ಪ್ರೆಷರಿನದು ಒಂದನ್ನು ಇವತ್ತೇ ಶುರು ಮಾಡಿ, ಸಕ್ಕರೆಯದು ಬೆಳಿಗ್ಗೆ ಒಂದು ಮಾತ್ರ, ವೇಲು ಅಳೆಯುತ್ತಿರಲಿ, ಉಳಿದದ್ದು ಶುಕ್ರವಾರ ಡಾಕ್ಟರೇ ನೋಡಿ ಹೇಳುತ್ತಾರೆ ಎಂದರು. ಕೊಟ್ಟೆ. ನುಂಗಿದರು. ನಾನು ಎದುರಿಗೆ ನಿಲ್ಲಲಿಲ್ಲ, ಅವರು ನಾಲಿಗೆ ತೋರಿಸಲಿಲ್ಲ.

ಸೆಪ್ಟೆಂಬರ್ 4, ಬುಧವಾರ

ತಲೆನೋವು ಇಳಿದಿದೆ. ಪ್ರೆಷರ್ ಸ್ವಲ್ಪ ಇಳಿದಿದೆ. ಶಿವಬಾಲನ್ ಫೋನ್ ಮಾಡಿದ. ಕೊಯ್ಲು ಮುಗಿಯಿತು, ಗಾಡಿ ಕೇರಳದ ಗಡಿಯ ಕುಮಳಿ ದಾಟಿತು. ಕವಾತಿಗೆ ಆಳು ಯಾವಾಗ ಹೇಳಲಿ ಎಂದು ಅಪ್ಪನನ್ನು ಕೇಳಿದ. ಶುಕ್ರವಾರ ಆದ ಮೇಲೆ ಹೇಳುತ್ತೇನೆ ಎಂದರು ಮಾಮ.

ಊಟವಾದ ಮೇಲೆ ಅವರೇ ಮಾತು ತೆಗೆದರು.

“ಡಾಕ್ಟರ್ ಹತ್ರ ಯೋಳ್ಬೇಕು.”

“ಹೇಳಬೇಕು ಮಾಮಾ. ಇಲ್ಲದಿದ್ರೆ ಅವರು ಇನ್ಸುಲಿನ್ ಬರೀತಾರೆ. ಅದೂ ಸೇರಿದ್ರೆ ಆವತ್ತು ಆದದ್ದು ಮತ್ತೆ ಆಗ್ತದೆ.”

“ನಾನೇ ಯೋಳ್ತೀನಿ. ನೀ ಜತೇಲಿ ಒಳಗೆ ಬಾ. ನಾ ಎಲ್ಲಾದ್ರೂ ನಿಂತೋದ್ರೆ ನೀ ಯೋಳು.”

“ಬರ್ತೀನಿ.”

“ಅವಳು ಬೇಡ.”

“ಮಣಿನಾ?”

“ಈಡ್‌ಮಿಸ್ಟ್ರೆಸ್ಸು. ಎಂಬತ್ತು ವರ್ಷಕ್ಕೆ ನನ್ನ ಬೆಂಚ್ ಮೇಲೆ ನಿಲ್ಲಿಸ್ತಾಳೆ.” ಅದನ್ನು ನಗುತ್ತಲೇ ಹೇಳಿದರು. ಆಮೇಲೆ ನಗು ಹೋಯಿತು. “ಅದಲ್ಲ ಮಾಪ್ಳೆ. ಅವಳು ಪ್ರತಿ ಸಲ ಆ ಡಾಕ್ಟರ್ ಮುಂದೆ ನಿಂತು, ನಮ್ಮಪ್ಪ ಒಂದು ಮಾತ್ರೆ ತಪ್ಸಲ್ಲ ಅಂತ ಯೋಳವ್ಳೆ. ಕೈ ಕಟ್ಕೊಂಡು ಯೋಳವ್ಳೆ. ನಾ ಪಕ್ದಲ್ಲೇ ಕೂತಿದ್ದೆ, ಉಂ ಅಂತಿದ್ದೆ. ಈಗ ಅವಳ ಮುಂದೆ ಅವಳ ಮಾತು ಪೊಯ್, ಸುಳ್ಳು ಅಂತ ನಾ ಎಂಗ್ ಯೋಳ್ಲಿ? ಆ ಡಾಕ್ಟರ್ ಅವಳ ಮುಖ ನೋಡ್ತಾನೆ. ಅದ ನನ್ನ ಕೈಲಿ ನೋಡೋಕಾಗಲ್ಲ. ಅವಳು ಬಂದ್ರೆ ನಾ ಬಾಯಿ ಬುಡಲ್ಲ. ಚುಚ್ಚಿದ್ರೆ ಚುಚ್ಚಲಿ.”

ಅವಳು ರಜೆ ಹಾಕಿದ್ದಾಳೆ ಎಂದೆ.

“ಅದು ನಿನ್ನ ಸಂಗತಿ. ನಿನ್ನ ಎಂಡ್ತಿ” ಎಂದರು.

ಸೆಪ್ಟೆಂಬರ್ 5, ಗುರುವಾರ

ಇವತ್ತು ಶಿಕ್ಷಕರ ದಿನ. ಶಾಲೆಯಲ್ಲಿ ಕಾರ್ಯಕ್ರಮ ಮುಗಿಸಿ ಮಣಿಮೇಗಲೈ ತಡವಾಗಿ ಬರುತ್ತಾಳೆ. ಮಕ್ಕಳು ಹೂವು ಕೊಟ್ಟಿರುತ್ತಾರೆ, ಸಂತೋಷವಾಗಿರುತ್ತಾಳೆ. ಇವತ್ತಲ್ಲದೆ ಬೇರೆ ದಿನವಿಲ್ಲ.

ಅವಳ ತೀರ್ಮಾನಕ್ಕೆ ನಾನು ಬೇಡ ಎಂದದ್ದು ಮದುವೆಯಾದಾಗಿನಿಂದ ನೆನಪಿಲ್ಲ. ಅವಳ ತೀರ್ಮಾನಗಳು ಸಾಮಾನ್ಯವಾಗಿ ಸರಿಯಾಗಿರುತ್ತವೆ. ನನಗೂ ಅದು ಅನುಕೂಲವಾಗಿತ್ತು.

ಸುಲಭದ ದಾರಿಗಳನ್ನು ಬೆಳಿಗ್ಗೆಯಿಂದ ಯೋಚಿಸಿದೆ. ಡಾಕ್ಟರು ಬರುವುದು ಮುಂದಕ್ಕೆ ಹೋಯಿತು ಎನ್ನಬಹುದು. ಸೋಮವಾರ ಅವಳು ಶಾಲೆಗೆ ಹೋದ ಮೇಲೆ ನಾವಿಬ್ಬರೂ ಹೋಗಿ ಬರಬಹುದು. ಆಗ ನಾನೂ ಸುಳ್ಳು ಹೇಳಿದಂತಾಗುತ್ತದೆ, ಮಾಮನ ಮಾತ್ರೆ ಇನ್ನೂ ಮೂರು ದಿನ ಅಂದಾಜಿನ ಮೇಲೆ ನಡೆಯುತ್ತದೆ. ಇಲ್ಲವೇ ಎಲ್ಲರೂ ಹೋಗಿ, ಮಾಮ ಸುಮ್ಮನಿದ್ದು, ನಾನು ಅವಳೆದುರಿಗೇ ಡಾಕ್ಟರಿಗೆ ಹೇಳಬಹುದು. ಅದು ಇನ್ನೂ ಕೆಟ್ಟದ್ದು. ಎರಡನ್ನೂ ಬಿಟ್ಟೆ.

ಮಾಮ ಮಧ್ಯಾಹ್ನ ಚೆನ್ನಾಗಿ ಉಂಡರು. ಗೇಟಿನ ಕಾವಲುಗಾರನಿಗೆ ವರ್ಗವಾಯಿತಾ ಎಂದು ಕೇಳಿದರು. ಆ ಪುಸ್ತಕ ಎಲ್ಲಿಟ್ಟೆನೆಂದು ಹುಡುಕಬೇಕು ಎಂದೆ.

ನಾಳೆಯ ಅವರ ಅಂಗಿಯನ್ನು ಇಸ್ತ್ರಿ ಮಾಡಿಟ್ಟಿದ್ದೇನೆ. ಮಾತ್ರೆಗಳನ್ನು ಪೆಟ್ಟಿಗೆಯಲ್ಲಿ ಒಯ್ಯುವುದಿಲ್ಲ. ಬಂದ ಚೀಲದಲ್ಲೇ, ಅಷ್ಟನ್ನೂ ಒಯ್ಯುತ್ತೇನೆ. ಇವುಗಳಲ್ಲಿ ಯಾವುದೆಲ್ಲ ನಿಜವಾಗಿ ಬೇಕು ಎಂದು ಮೊದಲು ಕೇಳುತ್ತೇನೆ. ಆಮೇಲೆ ರಕ್ತ.

ಅವಳು ಬಂದ ಕೂಡಲೇ ಹೇಳುವುದು ಬೇಡ. ಕಾಫಿ ಕುಡಿದು ಆಗಲಿ. ಆಮೇಲೆ ಹೇಳುತ್ತೇನೆ: ನಾಳೆ ನೀನು ಬರುವುದು ಬೇಡ, ನಾನು ಮತ್ತು ಮಾಮ ಹೋಗುತ್ತೇವೆ, ನೀನು ಶಾಲೆಗೆ ಹೋಗು. ಯಾಕೆ ಎಂದು ಕೇಳುತ್ತಾಳೆ. ಎಂಟು ದಿನದ ಸಂಗತಿ ಹೇಳುತ್ತೇನೆ. ಮೂರು ವಾರ ನಾನು ಕೊಟ್ಟದ್ದನ್ನೂ, ಆವತ್ತು ಅವರು ನನ್ನನ್ನು ಅಕ್ಕಾ ಎಂದು ಕರೆದದ್ದನ್ನೂ ಹೇಳುತ್ತೇನೆ; ಅದನ್ನು ಅವಳಿಗೆ ಇನ್ನೂ ಹೇಳಿಲ್ಲ. ಡಾಕ್ಟರ ಮುಂದೆ ಅವಳು ಹೇಳುತ್ತಿದ್ದ ಮಾತನ್ನು ಮಾತ್ರ ನಾನಾಗಿ ನೆನಪಿಸುವುದಿಲ್ಲ. ಅದು ಅವಳಿಗೇ ಹೊಳೆಯುತ್ತದೆ. ಹೊಳೆದಾಗ ನಾನು ಎದ್ದು ಬೇರೆ ಕೋಣೆಗೆ ಹೋಗಬಾರದು.

ಆಂಡಿಪಟ್ಟಿ ಬಸ್ಸು ಬರುವ ಹೊತ್ತಾಯಿತು. ಮಾಮ ಹಜಾರದಿಂದ, “ಬಂದ್ಲಾ?” ಎಂದು ಕೇಳುತ್ತಿದ್ದಾರೆ.

ಇನ್ನೂ ಇಲ್ಲ ಮಾಮಾ ಎಂದೆ.